ಶಾಲೆ ಮುಚ್ಚಿದ ಕಾಲದ ಕಲಿಕೆ ಮತ್ತು ಮೌಲ್ಯಮಾಪನ: ಸಯನ್ ಪರಿಸರದ ಕನ್ನಡ ವಿದ್ಯಾರ್ಥಿಗಳನ್ನು ಕುರಿತು

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಸಂಘಸಂಸ್ಥೆಗಳ ಸ್ಥಾಪನೆ, ರಂಗಭೂಮಿ, ಯಕ್ಷಗಾನ, ಪತ್ರಿಕೆ ಹಾಗೂ ಹೋಟೆಲು ಉದ್ಯಮಗಳಿಗೆ ಪ್ರಾಶಸ್ತ್ಯ ಕೊಟ್ಟಿದ್ದಾರೆ. ಆ ನಗರದ ಕನ್ನಡ ಮಗು ಏನನ್ನು ಕಲಿಯಿತು, ಕಲಿತಿದೆ ಎಂಬುದನ್ನು ಯಾರು ಯಾವ ಆಧಾರದ ಮೇಲೆ ನಿರ್ಣಯಿಸಿದರು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕೋವಿಡ್ ಸಾಂಕ್ರಾಮಿಕದ ಕಾರಣದಿಂದ 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದ ಮುಂಬಯಿಯ ಪ್ರೌಢಶಾಲೆಗಳು ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 4ರಂದು. ಹದಿನೆಂಟು ತಿಂಗಳಿಗೂ ಮಿಕ್ಕಿದ ಈ ಅವಧಿ ಮೇಲಿನ ಪ್ರಶ್ನೆಗಳನ್ನು ಎತ್ತಿಕೊಳ್ಳಲು ತಕ್ಕ ಸಂದರ್ಭವೆಂದು ನಾವು ಭಾವಿಸುತ್ತೇವೆ. ಕರ್ನಾಟಕದ ಹೊರಗಿದ್ದು ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಇದು ದೂರದ ವಿಷಯವಾಗಲಾರದು.

ಮೊದಲು ಸ್ಥಳದ ಮಾತು. ಸಯನ್ ಎಂಬುದು ಮರಾಠಿಯ 'ಶೀವ' ಎಂಬ ಹೆಸರಿನ ಆಂಗ್ಲರೂಪವೆಂದು ಹೇಳುವುದುಂಟು. ಶೀವ ಎಂದರೆ ಎಲ್ಲೆ. ನಮ್ಮ 'ಸೀಮೆ'ಯ ಬಂಧು ಶಬ್ದ. ಮುಂಬಯಿ ದ್ವೀಪ ಮುಗಿದು ಸಾಷ್ಟಿ ಆರಂಭವಾಗುವ ಗಡಿ ಇದಾಗಿತ್ತು. ಈ ಭಾಗ ಜನವಸತಿಯ ಬಡಾವಣೆಯಾಗಿ ಬೆಳೆದುದರ ಹಿಂದೆಯೂ ಒಂದು ಸಾಂಕ್ರಾಮಿಕವಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಲಕ್ಷಾಂತರ ಜನರು ನಗರವನ್ನು ಬಿಟ್ಟು ಹೋದರು. ಅದರ ಪರಿಣಾಮವಾಗಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಅದು ಕೈಗೊಂಡ ದಾದರ್-ಮಾಟುಂಗಾ ಮತ್ತು ಸಯನ್-ಮಾಟುಂಗಾ ಯೋಜನೆಗಳಿಂದ ರೂಪುಗೊಂಡ ಬೀದಿಗಳಲ್ಲಿಯೇ ಮುಂದೆ ದಕ್ಷಿಣ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದರು. ಮಾಟುಂಗಾದ ಮೈಸೂರು ಅಸೋಸಿಯೇಶನ್, ಸಯನ್‌ನ ಗೋಕುಲ, ವಡಾಲಾದ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇವು ಒಂದೇ ಪರಿಸರದ ಕನ್ನಡ ನೆಲೆಗಳು. ಒಂದು ಸಾಂಕ್ರಾಮಿಕದ ತರುವಾಯ ಕಟ್ಟಿದ ಈ ಬಡಾವಣೆಗಳನ್ನು ನೂರಿಪ್ಪತ್ತು ವರ್ಷಗಳ ಅನಂತರ ಇನ್ನೊಂದು ಸಾಂಕ್ರಾಮಿಕ ಸ್ತಬ್ಧಗೊಳಿಸಿತು. 2020ರ ಏಪ್ರಿಲ್ 1ರಂದು ನೆರೆಯ ಧಾರಾವಿಯಲ್ಲಿ ಮೊದಲ ಸೋಂಕು ಪತ್ತೆಯಾದ ಮೇಲೆ ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯ ಹೆಸರು ದೇಶಕ್ಕೆಲ್ಲ ಪರಿಚಿತವಾಯಿತು. ಅದೇ ಪರಿಸರದ ಶಾಲೆಗಳ ಸುದ್ದಿ ಮಾತ್ರ ಹೊರಗೆ ಬರಲಿಲ್ಲ.

ಇನ್ನು ಕಲಿಕೆಯ ವಿಚಾರ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಲವಾದ ಬಾಲಭಾರತಿ 1967ರಲ್ಲಿ ಸ್ಥಾಪನೆಯಾದುದು. ಅದು ಮರಾಠಿಯೊಡನೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಶಾಲೆ ಮುಚ್ಚಿದಾಗ ಈ ಪುಸ್ತಕಗಳ ಗಣಕಪ್ರತಿಗಳು ಉಚಿತವಾಗಿ ದೊರೆಯುತ್ತಿದ್ದವು. 2020-21ನೆಯ ಸಾಲಿಗೆ ಪಠ್ಯಭಾಗದಲ್ಲಿ ಶೇಕಡ 25ರಷ್ಟನ್ನು ಕಡಿಮೆ ಮಾಡಲಾಯಿತು. ಕೇಂದ್ರ ಸರಕಾರ 2020ರ ಜುಲೈಯಲ್ಲಿ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ನಾಲ್ಕು ಅವಧಿಗಳನ್ನು ಮೀರದಂತೆ ಆನ್‌ಲೈನ್ ಪಾಠ ನಡೆಯಬೇಕೆಂದಿತು. ಆದರೆ ಒಂದೇ ಕೋಣೆಯ ಮನೆಯಲ್ಲಿ ತಂದೆಯ ಏಕೈಕ ಮೊಬೈಲಿನಿಂದ ಪಾಠ ಕೇಳಬೇಕಾದ ಇಬ್ಬರು ಮೂವರು ಮಕ್ಕಳಿರುವಲ್ಲಿ ಈ ಲೆಕ್ಕಾಚಾರಕ್ಕೆ ಅರ್ಥವಿರಲಿಲ್ಲ.

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದರ ಜೊತೆಗೆ ಇನ್ನೊಂದು ತೊಡಕು. ದೂರದರ್ಶನದ ಸಹ್ಯಾದ್ರಿ ವಾಹಿನಿಯಲ್ಲಿ ಬಂದ ಪಾಠಗಳು ಮಹಾರಾಷ್ಟ್ರದ ಪಠ್ಯಕ್ರಮಕ್ಕೆ ಹೊಂದಿಕೊಂಡವು; ಅವುಗಳ ಭಾಷೆ ಪ್ರಧಾನವಾಗಿ ಮರಾಠಿ. ಬೆಂಗಳೂರಿನ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ಪ್ರಸಾರವಾದ 'ಸಂವೇದ' ಪಾಠಗಳು ಪ್ರಧಾನವಾಗಿ ಕನ್ನಡದವು. ಆದರೆ ಅವು ಕರ್ನಾಟಕದ ಪಠ್ಯಪುಸ್ತಕವನ್ನು ಅನುಸರಿಸಿದವು. ಹೀಗೆ ಒಂದು ಕಡೆ ಪಾಠ ತನ್ನದು, ಭಾಷೆ ತನ್ನದಲ್ಲ. ಇನ್ನೊಂದು ಕಡೆ ಭಾಷೆ ತನ್ನದು, ಪಾಠ ತನ್ನದಲ್ಲ. ಸಾಮಾನ್ಯ ದಿನಗಳಲ್ಲಿ ಈ ಎರಡನ್ನೂ ಜೋಡಿಸುತ್ತಿದ್ದವರು ತರಗತಿಯಲ್ಲಿ ನಿಂತ ಅಧ್ಯಾಪಕರು. ಅವರು ಎದುರಿಗಿಲ್ಲದಾಗ ಆ ಜೋಡಣೆಯನ್ನು ತುಂಬಿಕೊಡುವ ಬೇರೆ ಏರ್ಪಾಡು ರಾಜ್ಯದ ವ್ಯವಸ್ಥೆಯಲ್ಲಿ ಇರಲಿಲ್ಲ. ಎಲ್ಲೆಯಲ್ಲಿ ಬದುಕುವ ಭಾಷಿಕರ ಸ್ಥಿತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ದೊರೆಯುವುದು ಕಷ್ಟ.

ಮೌಲ್ಯಮಾಪನದ ಕಥೆ ಇನ್ನೂ ಗಮನಾರ್ಹವಾದುದು. 2020ರ ಎಸ್.ಎಸ್.ಸಿ. ಪರೀಕ್ಷೆಯಲ್ಲಿ ಮಾರ್ಚ್ 23ರಂದು ನಡೆಯಬೇಕಿದ್ದ ಭೂಗೋಳದ ಪತ್ರಿಕೆಯೊಂದು ಉಳಿಯಿತು. ಅದನ್ನು ರದ್ದುಪಡಿಸಿ, ಉಳಿದ ಪತ್ರಿಕೆಗಳ ಸರಾಸರಿಯ ಮೇಲೆ ಅಂಕ ಕೊಡಲಾಯಿತು. ಅದೇ ಏಪ್ರಿಲ್ ತಿಂಗಳಲ್ಲಿ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯೂ ರದ್ದಾಗಿ, ಮೊದಲ ಅವಧಿಯ ಸಾಧನೆ ಹಾಗೂ ಆಂತರಿಕ ಮೌಲ್ಯಮಾಪನಗಳನ್ನು ಆಧರಿಸಿ ಮಕ್ಕಳನ್ನು ಹತ್ತಕ್ಕೆ ಕಳುಹಿಸಲಾಯಿತು. ಮರುವರ್ಷ ಆ ಮಕ್ಕಳ ಎಸ್.ಎಸ್.ಸಿ. ಪರೀಕ್ಷೆಯೇ ರದ್ದಾಯಿತು. 2021ರ ಮೇ ಕೊನೆಯಲ್ಲಿ ಪ್ರಕಟವಾದ ಸೂತ್ರದಂತೆ ಪ್ರತಿ ವಿಷಯದ 100 ಅಂಕಗಳಲ್ಲಿ 30 ಅಂಕ ಹತ್ತನೆಯ ತರಗತಿಯ ಆಂತರಿಕ ಲಿಖಿತ ಮೌಲ್ಯಮಾಪನಕ್ಕೆ, 20 ಅಂಕ ಮನೆಗೆಲಸ, ಮೌಖಿಕ ಹಾಗೂ ಪ್ರಾಯೋಗಿಕಗಳಿಗೆ, 50 ಅಂಕ ಒಂಬತ್ತನೆಯ ತರಗತಿಯ ಫಲಿತಾಂಶಕ್ಕೆ ಮೀಸಲಾದವು. ಜುಲೈ 16ರಂದು ಹೊರಬಿದ್ದ ಫಲಿತಾಂಶ ಶೇಕಡ 99.95.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಪರಿಶೀಲಿಸಬೇಕು. ಅರ್ಧದಷ್ಟು ಅಂಕಗಳಿಗೆ ಆಧಾರವಾದ ಒಂಬತ್ತನೆಯ ತರಗತಿಯ ಫಲಿತಾಂಶವೇ ವಾರ್ಷಿಕ ಪರೀಕ್ಷೆ ಇಲ್ಲದೆ ಸಿದ್ಧವಾದುದು. ಮಿಕ್ಕ ಅರ್ಧ, ಮುಂಬಯಿಯ ಮಟ್ಟಿಗೆ, ವಿದ್ಯಾರ್ಥಿ ನಿಯತವಾಗಿ ಶಾಲೆಯಲ್ಲಿ ಕುಳಿತುಕೊಳ್ಳದ ವರ್ಷದ್ದು. ಅಂದರೆ ಅಂಕಪಟ್ಟಿ ವಾಸ್ತವವಾಗಿ ನಿಂತದ್ದು ಅಧ್ಯಾಪಕರ ಸಾಕ್ಷ್ಯದ ಮೇಲೆ: ಅವರು ತಿದ್ದಿದ ಪುಸ್ತಕ, ದೂರವಾಣಿಯಲ್ಲಿ ಕೇಳಿದ ಪ್ರಶ್ನೆ, ಮಗುವನ್ನು ಕುರಿತ ಅವರ ತಿಳಿವಳಿಕೆ. ಸರಕಾರಕ್ಕೂ ಈ ಸಾಕ್ಷ್ಯದ ಮೇಲೆ ಪೂರ್ಣ ಭರವಸೆ ಇದ್ದಂತೆ ಕಾಣುವುದಿಲ್ಲ. ಹನ್ನೊಂದನೆಯ ತರಗತಿಯ ಪ್ರವೇಶಕ್ಕಾಗಿ ಆಗಸ್ಟ್ 21ರಂದು ಪ್ರತ್ಯೇಕ ಪರೀಕ್ಷೆಯೊಂದನ್ನು ಗೊತ್ತುಪಡಿಸಲಾಗಿತ್ತು. ಮುಂಬಯಿ ಉಚ್ಚ ನ್ಯಾಯಾಲಯ ಆಗಸ್ಟ್ 10ರಂದು ಅದನ್ನು ರದ್ದುಗೊಳಿಸಿತು. ಕರ್ನಾಟಕ ಹಿಡಿದ ದಾರಿ ಬೇರೆ. 2020ರಲ್ಲಿ ಜೂನ್ 25ರಿಂದ ಜುಲೈ 4ರವರೆಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಅದು ನಡೆಸಿಯೇ ಬಿಟ್ಟಿತು. 2021ರ ಜುಲೈ 19 ಮತ್ತು 22ರಂದು ಬಹು ಆಯ್ಕೆಯ ಪ್ರಶ್ನೆಗಳ ಎರಡೇ ಪತ್ರಿಕೆಗಳಲ್ಲಿ ಆರು ವಿಷಯಗಳನ್ನು ಮುಗಿಸಿತು. ಒಂದು ರಾಜ್ಯ ಅಧ್ಯಾಪಕರನ್ನು ನಂಬಿತು, ಇನ್ನೊಂದು ಉತ್ತರಹಾಳೆಯನ್ನು ನಂಬಿತು. 2021ರಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಎಲ್ಲರೂ ಉತ್ತೀರ್ಣರಾದರು. ಆದುದರಿಂದ ಶೇಕಡಾವಾರು ಫಲಿತಾಂಶದಿಂದ ಕಲಿಕೆಯನ್ನು ಅಳೆಯಲು ಹೊರಡುವ ಸಂಶೋಧಕನಿಗೆ ಆ ವರ್ಷದಲ್ಲಿ ಏನೂ ದಕ್ಕುವುದಿಲ್ಲ.

ಅಧ್ಯಾಪಕರ ಸಾಕ್ಷ್ಯವೇ ಪ್ರಮಾಣವಾಗುವುದು ಮುಂಬಯಿ ಕನ್ನಡಿಗರಿಗೆ ಹೊಸದೇನೂ ಅಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಕರಾವಳಿಯ ಹುಡುಗರ ಒಂದು ತಲೆಮಾರೇ ಆ ನಗರದಲ್ಲಿತ್ತು. ಕೆಲಸದ ಪಾಳಿ, ಕಾಯಿಲೆ, ಊರಿನ ಪ್ರಯಾಣ ಇವುಗಳಿಂದ ಪದೇ ಪದೇ ತುಂಡಾಗುವ ಓದನ್ನು ಮತ್ತೆ ಕೂಡಿಸುವುದು ರಾತ್ರಿಶಾಲೆಯ ಮೇಷ್ಟ್ರ ಮುಖ್ಯ ಕಾಯಕವಾಗಿತ್ತು. ಹಾಜರಿ ಪುಸ್ತಕ ಹೇಳದುದನ್ನು ಅವರು ಬಲ್ಲವರಾಗಿದ್ದರು. ಇಂದು ಆ ಕನ್ನಡ ರಾತ್ರಿಶಾಲೆಗಳಲ್ಲಿ ಬಹುಪಾಲು ಮುಚ್ಚಿವೆ. ಹಗಲಿನ ಕನ್ನಡ ಮಾಧ್ಯಮವೂ ಕ್ಷೀಣಿಸಿದೆ. 2020ರಲ್ಲಿ ಲೋಕಕ್ಕೆಲ್ಲ ಅಗತ್ಯವಾಗಿ ಕಂಡ ವಿದ್ಯೆಯೊಂದನ್ನು ನಾವು ಅದಕ್ಕಿಂತ ಮೊದಲೇ ಕಳೆದುಕೊಂಡಿದ್ದೆವು.

ನಮ್ಮ ಅಧ್ಯಯನಕ್ಷೇತ್ರವಾದ ಮಧ್ಯಕಾಲೀನ ವಾಙ್ಮಯದ ಕಡೆಗೆ ಒಮ್ಮೆ ತಿರುಗಿ ನೋಡುವುದು ಅಪ್ರಸ್ತುತವಾಗಲಾರದು. ವಿಜಯಪುರ ಜಿಲ್ಲೆಯ ಸಾಲೊಟಗಿಯ ಕ್ರಿ.ಶ. 945ರ ಶಾಸನ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ ಒಂದು ಶಾಲೆಯನ್ನು ವರ್ಣಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಅಲ್ಲಿ 27 ವಸತಿಗಳಿದ್ದವು. ಶಾಲೆಗೆ ಬಿಟ್ಟ ಭೂಮಿಯ ಜೊತೆಗೆ ದೀಪಕ್ಕೆಂದೇ ಪ್ರತ್ಯೇಕ ಭೂಮಿಯನ್ನು ಬಿಡಲಾಗಿತ್ತು. ಊರವರು ಮದುವೆ ಮುಂಜಿಗಳಲ್ಲಿ ಶಾಲೆಗೆ ಹಣ ಸಲ್ಲಿಸಬೇಕೆಂಬ ಕಟ್ಟಳೆಯೂ ಇತ್ತು. ಆ ಶಾಲೆಗೆ ಪ್ರವೇಶ ಎಲ್ಲರಿಗೂ ಇರಲಿಲ್ಲವೆಂಬುದನ್ನು ಮರೆಯಬಾರದು. ಆದರೂ ದೀಪದೆಣ್ಣೆಯ ಖರ್ಚನ್ನು ವಿದ್ಯಾರ್ಥಿಯ ಮನೆಗೆ ಬಿಡದೆ ಶಾಲೆಯ ಖರ್ಚೆಂದೇ ಎಣಿಸಿದ ವಿವೇಕ ಅಲ್ಲಿ ಕಾಣುತ್ತದೆ. 2020ರ ದೀಪದೆಣ್ಣೆ ಮೊಬೈಲಿನ ಡೇಟಾ. ಅದನ್ನು ಮನೆಯ ಖರ್ಚೆಂದು ಎಣಿಸಿದುದರಿಂದ ಬಡವರ ಮನೆಯಲ್ಲಿ ದೀಪ ಬೇಗ ಆರಿತು.

ಒಟ್ಟಿನಲ್ಲಿ ಹೇಳುವುದಾದರೆ, ಶಾಲೆ ಮುಚ್ಚಿದ ಕಾಲದಲ್ಲಿ ವಿದ್ಯಾರ್ಥಿಗೆ ಬೇಕಾದುದು ಎರಡು: ಕಲಿಕೆಯನ್ನು ಅವನ ಭಾಷೆಯಲ್ಲಿ ಅವನ ಪಾಠಕ್ಕೆ ಜೋಡಿಸುವ ಅಧ್ಯಾಪಕ ಮತ್ತು ಕಲಿತದ್ದಕ್ಕೆ ವಿಶ್ವಾಸಾರ್ಹವಾದ ಸಾಕ್ಷಿ. ಈ ಎರಡು ಕೆಲಸಗಳನ್ನು ಒಬ್ಬರೇ ಮಾಡುತ್ತಾರೆ ಎಂಬುದು ಪರೀಕ್ಷೆ ನಿಂತಾಗ ಮಾತ್ರ ಎಲ್ಲರ ಕಣ್ಣಿಗೆ ಬಿದ್ದಿತು. ಸಂಶೋಧಕರಲ್ಲಿ ನಮ್ಮದೊಂದು ವಿನಂತಿ ಇದೆ. ಆ ಎರಡು ವರ್ಷಗಳ ಮನೆಗೆಲಸದ ಪುಸ್ತಕಗಳು, ಅಧ್ಯಾಪಕರು ಕೈಯಾರೆ ಬರೆದ ಅಂಕಗಳ ಟಿಪ್ಪಣಿಗಳು, ವಾಟ್ಸಾಪಿನಲ್ಲಿ ಕನ್ನಡದಲ್ಲಿ ಕಳುಹಿಸಿದ ಪ್ರಶ್ನೆಗಳು ಇನ್ನೂ ಅಲ್ಲಲ್ಲಿ ಉಳಿದಿರಬಹುದು. ಶಾಲೆ ಮುಚ್ಚಿದರೆ ಮೊದಲು ರದ್ದಿಗೆ ಹೋಗುವುದು ಇಂಥವೇ. ತಾಮ್ರಪಟ ಶಿಲಾಶಾಸನಗಳನ್ನು ಹುಡುಕುವ ಶ್ರದ್ಧೆಯಲ್ಲಿ ಸ್ವಲ್ಪ ಭಾಗವನ್ನಾದರೂ ಇವುಗಳ ಸಂಗ್ರಹಕ್ಕೆ ಕೊಡಬೇಕು. ಹೊರನಾಡಿನ ಕನ್ನಡ ಮಗು ಏನನ್ನು ಕಲಿತಿತ್ತು ಎಂಬುದಕ್ಕೆ ಅಂಕಪಟ್ಟಿ ಸಾಕ್ಷಿ ಹೇಳಲಾರದ ಕಾಲದಲ್ಲಿ ಉಳಿದಿರುವ ದಾಖಲೆಗಳು ಇವೇ ಆಗಿವೆ.