ಹೊಟ್ಟೆನೋವಿನ ನಮೂನೆ ಮತ್ತು ಗಣಕಯಂತ್ರ: ಲೀಡ್ಸ್ ಪ್ರಯೋಗದ ಮರುಪರಿಶೀಲನೆ

ವೈದ್ಯಕೀಯದಲ್ಲಿ ಮಾಹಿತಿ ತಂತ್ರಜ್ಞಾನ ಬೆಳೆದುಬಂದ ಬಗೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳ ವಂಶಾವಳಿಯನ್ನೇ ಬರೆಯುತ್ತಾರೆ. ಕೋಣೆ ತುಂಬುವ ಗಣಕದಿಂದ ಮೇಜಿನ ಗಣಕ, ಅಲ್ಲಿಂದ ಮೊಬೈಲು, ಈಗ ಕೃತಕ ಬುದ್ಧಿಮತ್ತೆ. ಈ ಕ್ರಮದಲ್ಲಿ ಓದಿದರೆ, ಲೆಕ್ಕ ಹಾಕುವ ಶಕ್ತಿ ಹೆಚ್ಚಿದಂತೆಲ್ಲ ಚಿಕಿತ್ಸೆಯೂ ತಾನಾಗಿ ಸುಧಾರಿಸಿತು ಎಂಬ ಭಾವನೆ ಬರುತ್ತದೆ. ದಾಖಲೆಗಳು ಹೇಳುವುದು ಬೇರೆ. ರೋಗಿಯ ಬಗ್ಗೆ ಏನನ್ನು ಕೇಳಬೇಕು, ಕೇಳಿದ್ದನ್ನು ಹೇಗೆ ಬರೆದಿಡಬೇಕು, ಕೊನೆಗೆ ಆದದ್ದೇನು ಎಂದು ಹೇಗೆ ತಾಳೆ ನೋಡಬೇಕು ಎಂಬ ಶಿಸ್ತು ಎಲ್ಲಿ ನೆಲೆಯೂರಿತೋ ಅಲ್ಲಿ ಮಾತ್ರ ಗಣಕ ಫಲ ಕೊಟ್ಟಿತು. ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1970ರ ದಶಕದಲ್ಲಿ ನಡೆದ ಹೊಟ್ಟೆನೋವಿನ ಪ್ರಯೋಗಗಳಲ್ಲಿದೆ.

ಪ್ರಯೋಗದ ತಾತ್ವಿಕ ಬುನಾದಿ ಅಮೆರಿಕದ್ದು. ರಾಬರ್ಟ್ ಲೆಡ್ಲಿ ಮತ್ತು ಲೀ ಲಸ್ಟೆಡ್ 1959ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ, ರೋಗನಿರ್ಣಯವನ್ನು ತರ್ಕ ಮತ್ತು ಸಂಭವನೀಯತೆಯ ಲೆಕ್ಕವಾಗಿ ನೋಡಬಹುದು ಎಂದು ತೋರಿಸಿತು. ಸಾಲ್ಟ್ ಲೇಕ್ ಸಿಟಿಯ ಹೋಮರ್ ವಾರ್ನರ್ 1961ರಲ್ಲಿ ಬೇಯ್ಸ್ ಪ್ರಮೇಯವನ್ನು ಹುಟ್ಟು ಹೃದ್ರೋಗಗಳ ನಿರ್ಣಯಕ್ಕೆ ಅನ್ವಯಿಸಿದರು. ಲೀಡ್ಸ್‌ನ ಶಸ್ತ್ರವೈದ್ಯ ಎಫ್. ಟಿ. ಡಿ ಡೊಂಬಾಲ್ ಮತ್ತು ಸಂಗಡಿಗರು ಈ ಗಣಿತವನ್ನು ಆಸ್ಪತ್ರೆಯ ಅತ್ಯಂತ ಗಡಿಬಿಡಿಯ ಜಾಗಕ್ಕೆ, ತೀವ್ರ ಹೊಟ್ಟೆನೋವೆಂದು ರಾತ್ರೋರಾತ್ರಿ ಬಂದು ಸೇರುವ ರೋಗಿಗಳ ಬಳಿಗೆ ತಂದರು. ಅದು ಅಪೆಂಡಿಸೈಟಿಸೋ, ಪಿತ್ತಕೋಶದ ಉರಿಯೂತವೋ, ತೂತಾದ ಹುಣ್ಣೋ, ಅಥವಾ ತಾನಾಗಿ ಇಳಿಯುವ ನೋವೋ ಎಂಬುದನ್ನು ಬೆಳಗಾಗುವುದರೊಳಗೆ ತೀರ್ಮಾನಿಸಬೇಕಿತ್ತು. ತಪ್ಪಿದರೆ ಒಂದೋ ಬೇಡದ ಶಸ್ತ್ರಚಿಕಿತ್ಸೆ, ಇಲ್ಲವೇ ಹೊಟ್ಟೆಯೊಳಗೇ ಒಡೆದ ಅಪೆಂಡಿಕ್ಸ್.

1972ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ ಫಲಿತಾಂಶ ಇಂದಿಗೂ ಪಠ್ಯಗಳಲ್ಲಿ ಉಳಿದಿದೆ. 304 ರೋಗಿಗಳಲ್ಲಿ ಗಣಕದ ನಿರ್ಣಯ ಶೇ. 91.8ರಷ್ಟು ಸರಿಯಾಗಿತ್ತು, ರೋಗಿಯನ್ನು ನೋಡಿದ ಅತ್ಯಂತ ಹಿರಿಯ ವೈದ್ಯರದು ಶೇ. 79.6. ಯಂತ್ರ ವೈದ್ಯನನ್ನು ಸೋಲಿಸಿತು ಎಂಬ ಒಂದೇ ಸಾಲಿನಲ್ಲಿ ಇದನ್ನು ಹೇಳಿ ಮುಗಿಸುವುದು ವಾಡಿಕೆ. ಆದರೆ ಗಣಕಕ್ಕೆ ಉಣಿಸಿದ್ದು ಏನನ್ನು ಎಂದು ನೋಡಬೇಕು. ಪ್ರತಿ ರೋಗಿಗೂ ಒಂದು ಮುದ್ರಿತ ನಮೂನೆ ಇತ್ತು. ನೋವು ಶುರುವಾದದ್ದು ಎಲ್ಲಿ, ಈಗ ಇರುವುದು ಎಲ್ಲಿ, ಕೆಮ್ಮಿದರೆ ಅಥವಾ ಅಲುಗಾಡಿದರೆ ಹೆಚ್ಚುತ್ತದೆಯೇ, ವಾಂತಿ ಆಗಿದೆಯೇ, ಹಸಿವು ಹೇಗಿದೆ, ಒತ್ತಿದ ಕೈ ತಟ್ಟನೆ ಎತ್ತಿದಾಗ ನೋಯುತ್ತದೆಯೇ ಎಂಬುದಕ್ಕೆಲ್ಲ ಅದರಲ್ಲಿ ಗುರುತು ಹಾಕಬೇಕಿತ್ತು. ಪ್ರತಿ ಪದಕ್ಕೂ ಎಲ್ಲರೂ ಒಪ್ಪಿದ ಒಂದೇ ಅರ್ಥವಿತ್ತು. ಇನ್ನೊಂದು ಪ್ರಯೋಗದಲ್ಲಿ ಇದೇ ತಂಡ, ನಿಜವಾದ ರೋಗಿಗಳಿಂದ ಕಲೆಹಾಕಿದ ಅಂಕಿಗಳ ಬದಲು ವೈದ್ಯರು ತಮ್ಮ ಅನುಭವದಿಂದ ಅಂದಾಜಿಸಿದ ಅಂಕಿಗಳನ್ನು ಗಣಕಕ್ಕೆ ಕೊಟ್ಟಿತು. ಯಂತ್ರ ಅದೇ, ಸೂತ್ರ ಅದೇ. ನಿಖರತೆ ಮಾತ್ರ ಇಳಿಯಿತು. ಈ ಎರಡನೆಯ ಫಲಿತಾಂಶ ಮೊದಲನೆಯದಕ್ಕಿಂತ ಮಹತ್ವದ್ದು ಎಂಬುದು ನನ್ನ ಅಭಿಪ್ರಾಯ. ದುರದೃಷ್ಟವಶಾತ್ ಅದನ್ನು ನೆನೆಯುವವರು ಕಡಿಮೆ.

1974ರ ಮುಂದುವರಿದ ವರದಿಯಲ್ಲಿ ವಾದಕ್ಕೆ ಇನ್ನಷ್ಟು ಬಲ ಸಿಗುತ್ತದೆ. ಪ್ರಯೋಗ ನಡೆಯುತ್ತಿದ್ದ ಕಾಲದಲ್ಲಿ ವೈದ್ಯರ ಸ್ವಂತ ನಿರ್ಣಯಗಳೇ ಉತ್ತಮಗೊಂಡವು. ಪ್ರಯೋಗ ನಿಂತ ಮೇಲೆ ಮತ್ತೆ ಹಳೆಯ ಮಟ್ಟದತ್ತ ಜಾರಿದವು. ನಮೂನೆ ತುಂಬುವ ಕಡ್ಡಾಯ ಮತ್ತು ಮಾಡಿದ ತಪ್ಪು ಕಣ್ಣೆದುರು ಬರುವ ವ್ಯವಸ್ಥೆ, ಇವೆರಡೂ ಸೇರಿ ವೈದ್ಯರ ಕೈಯನ್ನು ಪಳಗಿಸಿದ್ದವು. 1986ರಲ್ಲಿ ಎಂಟು ಕೇಂದ್ರಗಳ, 16,737 ರೋಗಿಗಳ ಅಧ್ಯಯನ ಪ್ರಕಟವಾಯಿತು. ಆರಂಭಿಕ ನಿರ್ಣಯದ ನಿಖರತೆ ಶೇ. 45.6ರಿಂದ 65.3ಕ್ಕೆ ಏರಿತ್ತು. ಅಪೆಂಡಿಸೈಟಿಸ್ ರೋಗಿಗಳಲ್ಲಿ ಅಪೆಂಡಿಕ್ಸ್ ತೂತಾಗುವ ಪ್ರಮಾಣ ಶೇ. 23.7ರಿಂದ 11.5ಕ್ಕೆ ಇಳಿದಿತ್ತು. ಅನಗತ್ಯವಾಗಿ ಹೊಟ್ಟೆ ತೆರೆಯುವುದು ಸುಮಾರು ಅರ್ಧಕ್ಕೆ ಬಂದಿತ್ತು.

ಹಾಗಿದ್ದರೆ ಕಾಗದದ ನಮೂನೆಯೊಂದೇ ಸಾಲದೆ, ಗಣಕವೇಕೆ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ಪ್ರಯೋಗ ನಿಂತೊಡನೆ ಸುಧಾರಣೆಯೂ ಕರಗಿತು ಎಂಬ ಸಂಗತಿಯಲ್ಲೇ ಉತ್ತರವಿದೆ. ಬರೆದದ್ದಕ್ಕೆ ಮರುಮಾತು ಬಾರದ ನಮೂನೆಯನ್ನು ಯಾರೂ ಬಹುಕಾಲ ಶ್ರದ್ಧೆಯಿಂದ ತುಂಬುವುದಿಲ್ಲ. ಗಣಕ ಆ ಮರುಮಾತನ್ನು ಬೇಗನೆ, ಬೇಸರವಿಲ್ಲದೆ ಕೊಡುತ್ತದೆ. ಅದರ ದೊಡ್ಡ ಉಪಕಾರ ಇದು.

ಎರಡನೆಯ ಆಕ್ಷೇಪ ಇಂದಿನ ಕಾಲದ್ದು. ಈಗಿನ ವ್ಯವಸ್ಥೆಗಳು ಲಕ್ಷಾಂತರ ದಾಖಲೆಗಳಿಂದ ತಾವೇ ಕಲಿಯುತ್ತವೆ, ಹಳೆಯ ನಮೂನೆಯ ಶಿಸ್ತು ಅವಕ್ಕೆ ಬೇಡ ಎನ್ನುತ್ತಾರೆ. ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ನ್ಯುಮೋನಿಯಾ ಸಂಶೋಧನೆ ಇದಕ್ಕೆ ಎಚ್ಚರಿಕೆ. ಅಸ್ತಮಾ ಇರುವವರಿಗೆ ನ್ಯುಮೋನಿಯಾ ಬಂದರೆ ಸಾವಿನ ಅಪಾಯ ಕಡಿಮೆ ಎಂಬ ನಿಯಮವನ್ನು ಗಣಕ ದಾಖಲೆಗಳಿಂದ ಕಲಿಯಿತು. ವಾಸ್ತವದಲ್ಲಿ ಅಂಥವರನ್ನು ಅಪಾಯದವರೆಂದೇ ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಅವರು ಬದುಕುಳಿದದ್ದು ಆ ಆರೈಕೆಯಿಂದ. ದಾಖಲೆಗಳಿಂದ ಕಲಿತ ಲೆಕ್ಕ ಆ ಆರೈಕೆಯ ಫಲವನ್ನು ಅಸ್ತಮಾದ ಖಾತೆಗೆ ಜಮಾ ಮಾಡಿತ್ತು. ಸಂಶೋಧಕರು ತಮ್ಮ ಅತ್ಯಂತ ನಿಖರವಾದ ಮಾದರಿಯನ್ನೂ ರೋಗಿಗಳ ಮೇಲೆ ಬಳಸದೆ ಬದಿಗಿಟ್ಟರು. ದಾಖಲೆ ಎಷ್ಟೇ ದೊಡ್ಡದಾಗಲಿ, ಅದು ಯಾವ ಪರಿಸ್ಥಿತಿಯಲ್ಲಿ ಹುಟ್ಟಿತು ಎಂದು ತಿಳಿದವರು ಬೇಕೇಬೇಕು.

ಕರ್ನಾಟಕದಲ್ಲಿ ಇದೇ ಶಿಸ್ತಿನ ಒಳ್ಳೆಯ ಮಾದರಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಕಾರ್ಯಕ್ರಮದಡಿ 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯುತ್ತಿರುವ ಕ್ಯಾನ್ಸರ್ ನೋಂದಣಿಯೇ ಅದು. ಆಸ್ಪತ್ರೆಗಳು ತಾವಾಗಿ ವರದಿ ಕಳಿಸಲೆಂದು ಕಾಯದೆ, ನೋಂದಣಿ ಸಿಬ್ಬಂದಿಯೇ ಆಸ್ಪತ್ರೆ, ಪ್ರಯೋಗಾಲಯ ಮತ್ತು ಮರಣ ನೋಂದಣಿ ಕಚೇರಿಗಳಿಗೆ ಹೋಗಿ ವಿವರ ಬರೆದುಕೊಂಡು ಬರುವ ಪದ್ಧತಿಯನ್ನು ಅದು ಅನುಸರಿಸಿತು. ಚಿಕಿತ್ಸೆಗೆಂದು ದೂರದೂರಿಂದ ಬಂದವರು ನಗರದ ಲೆಕ್ಕದಲ್ಲಿ ಸೇರಿಹೋಗದಂತೆ, ಕನಿಷ್ಠ ಒಂದು ವರ್ಷದ ವಾಸವಿದ್ದವರನ್ನು ಮಾತ್ರ ಸ್ಥಳೀಯರೆಂದು ಎಣಿಸುವ ನಿಯಮವಿದೆ. ಇಂಥ ಸಣ್ಣ ನಿಯಮಗಳಿಂದಲೇ ಅಂಕಿಗಳಿಗೆ ನಂಬಿಕೆ ಬರುವುದು.

2021ರಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಗಳ ಆರೋಗ್ಯ ಸಂಖ್ಯೆ ಕೊಡುತ್ತಿದೆ. ಸಂಖ್ಯೆ ದಾಖಲೆಗಳನ್ನು ಜೋಡಿಸಬಲ್ಲದು. ಹೊರರೋಗಿ ಚೀಟಿಯಲ್ಲಿ ‘ಹೊಟ್ಟೆನೋವು’ ಎಂದಷ್ಟೇ ಗೀಚಿದ್ದರೆ ಅದಕ್ಕಿಂತ ಹೆಚ್ಚಿನದನ್ನು ತೋರಿಸಲಾರದು. ಆದ್ದರಿಂದ ತಂತ್ರಾಂಶಕ್ಕೆ ಹಣ ಮೀಸಲಿಡುವ ಸರ್ಕಾರಗಳು, ರೋಗಿಯ ಮಾತು ಕೇಳಿ ಸರಿಯಾಗಿ ಬರೆದುಕೊಳ್ಳಲು ವೈದ್ಯರಿಗೆ ಬೇಕಾದ ಸಮಯಕ್ಕೂ, ದಾಖಲೆ ನೋಡಿಕೊಳ್ಳುವ ಸಿಬ್ಬಂದಿಯ ತರಬೇತಿಗೂ ಅದೇ ಬಜೆಟ್ಟಿನಲ್ಲಿ ಪಾಲು ಇಡಬೇಕು.