ಎಡೆದೊರೆನಾಡಿನಲ್ಲಿ ಮನೆಯ ಸುರೆ

ಬಿಯರೆಂಬ ಯವಸುರೆಯನ್ನು ತಮ್ಮ ತಮ್ಮ ಮನೆಗಳಲ್ಲಿಯೇ ಸಿದ್ಧಪಡಿಸಿಕೊಳ್ಳುವ ಹವ್ಯಾಸವು ಬೆಂಗಳೂರಿನ ವಿದ್ಯಾವಂತರಾದ ತರುಣರಲ್ಲಿ ಕೆಲವು ವರ್ಷಗಳಿಂದ ಕಂಡುಬರುತ್ತಲಿದೆ. ಹೀಗೆ ಮಾಡುವವರು ತಮ್ಮಂಥವರನ್ನು ಹುಡುಕಿ, ಒಂದೆಡೆ ಕೂಡಿ, ಒಬ್ಬನು ಮಾಡಿದುದನ್ನು ಮತ್ತೊಬ್ಬನು ರುಚಿನೋಡಿ ಗುಣದೋಷಗಳನ್ನು ವಿಮರ್ಶಿಸುವರು. ಇದನ್ನು ಪಾಶ್ಚಾತ್ಯರ ಅನುಕರಣವೆಂದು ಜರೆಯುವವರುಂಟು. ಹೊಸ ಕಾಲದ ರಸಿಕತೆಯೆಂದು ಮೆಚ್ಚುವವರೂ ಉಂಟು. ಇದು ನಮ್ಮ ನಾಡಿಗೆ ಹೊಸದೆಂಬ ವಿಷಯದಲ್ಲಿ ಮಾತ್ರ ಉಭಯಪಕ್ಷದವರಿಗೂ ಐಕಮತ್ಯವಿದೆ. ಆ ಐಕಮತ್ಯವೇ ಪ್ರಕೃತ ಲೇಖನದಲ್ಲಿ ವಿಚಾರಣೀಯವಾದುದು. ಪಾನವು ಗ್ರಾಹ್ಯವೋ ತ್ಯಾಜ್ಯವೋ ಎಂಬುದನ್ನು ನಿರ್ಣಯಿಸುವುದು ಇಲ್ಲಿಯ ಉದ್ದೇಶವಲ್ಲ. ಕೃಷ್ಣಾ ತುಂಗಭದ್ರೆಗಳ ನಡುವೆ ಇದ್ದು ಶಾಸನಗಳಲ್ಲಿ ಎಡೆದೊರೆ ಎರಡುಸಾಸಿರವೆಂದು ಹೆಸರುಗೊಂಡ ರಾಯಚೂರು, ದೇವದುರ್ಗ, ಮಾನ್ವಿಗಳ ಸೀಮೆಯನ್ನು ಮುಂದಿಟ್ಟುಕೊಂಡು, ಗೃಹಸ್ಥನು ತನ್ನ ಮನೆಯಲ್ಲಿ ಧಾನ್ಯದಿಂದ ಸುರೆಯನ್ನು ಮಾಡಿಕೊಳ್ಳುವ ಅಧಿಕಾರವು ಪೂರ್ವದಲ್ಲಿ ಇದ್ದಿತೆ, ಇದ್ದರೆ ಅದು ಯಾವ ಬಗೆಯಿಂದ ಹೋಯಿತು ಎಂಬಿಷ್ಟನ್ನೇ ಇಲ್ಲಿ ಪರಿಶೀಲಿಸುವೆವು.

ಮೊದಲು ವಸ್ತುಸ್ವರೂಪವನ್ನು ತಿಳಿಯಬೇಕು. ಹಣ್ಣಿನ ರಸವೂ ಮರದ ರಸವೂ ತಮ್ಮಷ್ಟಕ್ಕೆ ತಾವೇ ಹುದುಗುವುವು. ಏಕೆಂದರೆ ಅವುಗಳಲ್ಲಿ ಸಕ್ಕರೆಯು ಸಿದ್ಧವಾಗಿಯೇ ಇರುವುದು. ಧಾನ್ಯದಲ್ಲಿರುವುದು ಹಿಟ್ಟು. ಆ ಹಿಟ್ಟು ಸಕ್ಕರೆಯಾಗಿ ಮಾರ್ಪಟ್ಟ ಹೊರತು ಸುರೆಯಾಗದು. ಈ ಮಾರ್ಪಾಡಿಗೆ ಲೋಕದಲ್ಲಿ ಪ್ರಸಿದ್ಧವಾಗಿರುವ ಮಾರ್ಗಗಳು ಮುಖ್ಯವಾಗಿ ಎರಡು: ಕಾಳನ್ನು ಮೊಳೆಯಿಸಿ ಒಣಗಿಸುವುದು ಒಂದು, ಬೂಷ್ಟು ಹಿಡಿಸಿದ ಧಾನ್ಯದ ಉಂಡೆಯನ್ನು ಅನ್ನಕ್ಕೆ ಬೆರಸುವುದು ಮತ್ತೊಂದು. ಯುರೋಪಿನ ಬಿಯರು ಮೊದಲನೆಯ ಮಾರ್ಗದ್ದು. ಚೀನ ಜಪಾನು ದೇಶಗಳ ಅಕ್ಕಿಯ ಮದ್ಯಗಳು ಎರಡನೆಯದರವು.

ನಮ್ಮ ಪ್ರಾಚೀನರು ಈ ಎರಡು ಮಾರ್ಗಗಳನ್ನೂ ಬಲ್ಲವರಾಗಿದ್ದರು. ಶತಪಥಬ್ರಾಹ್ಮಣದ ಹನ್ನೆರಡನೆಯ ಕಾಂಡದಲ್ಲಿ ಸೌತ್ರಾಮಣಿಯ ಪ್ರಕರಣವಿದೆ. ಆ ಯಾಗದ ಸುರೆಗೆ ಬೇಕಾದ ಸಂಭಾರಗಳು ಶಷ್ಪ, ತೋಕ್ಮ, ಲಾಜ, ನಗ್ನಹು ಎಂಬಿವು. ಶಷ್ಪವೆಂದರೆ ಮೊಳೆತ ನೆಲ್ಲು, ತೋಕ್ಮವೆಂದರೆ ಮೊಳೆತ ಯವೆ, ಲಾಜವೆಂದರೆ ಅರಳು, ನಗ್ನಹುವೆಂದರೆ ಹುದುಗಿಸುವ ದ್ರವ್ಯ. ಇವುಗಳ ಚೂರ್ಣವನ್ನು ಬೆಂದ ಅನ್ನಕ್ಕೂ ಗಂಜಿಗೂ ಕೂಡಿಸಿ ಮೂರು ರಾತ್ರಿ ಇಡಬೇಕೆಂಬುದು ಕಾತ್ಯಾಯನಶ್ರೌತಸೂತ್ರದ ಕ್ರಮ. ಶಷ್ಪವನ್ನು ಸೀಸವನ್ನು ಕೊಟ್ಟೂ ತೋಕ್ಮವನ್ನು ಉಣ್ಣೆಯನ್ನು ಕೊಟ್ಟೂ ಕ್ರಯಕ್ಕೆ ಪಡೆಯಬೇಕೆಂಬ ವಿಧಿಯೊಂದು ಅಲ್ಲಿದೆ. ವಿಧಿಗೆ ಅದೃಷ್ಟಾರ್ಥವು ಏನೇ ಇರಲಿ, ಮೊಳೆಯಿಸಿದ ಧಾನ್ಯವು ಕೊಂಡುಕೊಳ್ಳತಕ್ಕ ಪದಾರ್ಥವೆಂದು ಆ ಕಾಲದವರು ಭಾವಿಸಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಈಗ ಬೆಂಗಳೂರಿನ ತರುಣನು ಅಂಗಡಿಯಿಂದ ತರುವ ಮಾಲ್ಟು ಇದೇ ತೋಕ್ಮವಲ್ಲದೆ ಬೇರೆಯಲ್ಲ.

ಪರಿಭಾಷೆಯೂ ಅಷ್ಟೇ ಪುಷ್ಟವಾಗಿದೆ. ಅಮರಕೋಶದ ಶೂದ್ರವರ್ಗದಲ್ಲಿ ಸಂಧಾನ, ಅಭಿಷವ, ಕಿಣ್ವ, ನಗ್ನಹೂ, ಕಾರೋತ್ತರ, ಚಷಕ, ಆಪಾನ, ಪಾನಗೋಷ್ಠಿಕಾ ಎಂಬ ಶಬ್ದಗಳು ಸಾಲಾಗಿ ಬರುವುವು. ಸಂಸ್ಕೃತ ಪಾಠಶಾಲೆಯಲ್ಲಿ ಕುಳಿತ ಬಾಲಕರೆಲ್ಲರೂ, ಮದ್ಯದ ವಾಸನೆಯನ್ನೇ ಅರಿಯದ ಮನೆಗಳಿಂದ ಬಂದವರಾಗಿ, ಇವನ್ನು ರಾಗವಾಗಿ ಬಾಯಿಪಾಠ ಮಾಡಿದವರೇ. ಅರ್ಥವನ್ನು ಕೇಳಿದವರು ಮಾತ್ರ ವಿರಳ.

ಇನ್ನು ಅಧಿಕಾರದ ವಿಚಾರ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ದೃಷ್ಟಿಗೆ 1905ರಲ್ಲಿ ಬಿದ್ದು, ಮೂಲವು 1909ರಲ್ಲಿಯೂ ಆಂಗ್ಲಾನುವಾದವು 1915ರಲ್ಲಿಯೂ ಪ್ರಕಟವಾದುವು. ಅದೇ 1915ರಲ್ಲಿ ಎಡೆದೊರೆನಾಡಿನ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬವನಿಂದ ಅಶೋಕನ ಹೆಸರನ್ನೇ ಹೊತ್ತ ಶಿಲಾಶಾಸನವು ಬೆಳಕಿಗೆ ಬಂದಿತು. ಅರ್ಥಶಾಸ್ತ್ರದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದರಿಂದ ಆ ಗ್ರಂಥದ ನಿಯಮಗಳು ಮಸ್ಕಿಯ ಬಂಡೆಯ ಸುತ್ತ ಅಕ್ಷರಶಃ ನಡೆದುವೆಂದು ಸಾಧಿಸುವುದು ಸಾಹಸವಾದೀತು. ಆದರೆ ಮೌರ್ಯರ ಆಜ್ಞೆಯು ಈ ನೆಲಕ್ಕೆ ತಲಪಿದ್ದಿತೆಂಬುದು ನಿರ್ವಿವಾದ.

ಆ ಗ್ರಂಥದ ಎರಡನೆಯ ಅಧಿಕರಣದಲ್ಲಿರುವ ಸುರಾಧ್ಯಕ್ಷಪ್ರಕರಣವನ್ನು ಓದಿದವರು ಸಾಮಾನ್ಯವಾಗಿ ರಾಜಾದಾಯದ ಮಾತನ್ನೇ ಎತ್ತಿ ಆಡುವರು. ಮದ್ಯದ ತಯಾರಿಕೆಯೂ ವಿಕ್ರಯವೂ ರಾಜನ ಹತೋಟಿಯಲ್ಲಿರತಕ್ಕುದೆಂಬುದು ಅಲ್ಲಿಯ ಸಾಮಾನ್ಯ ನಿಯಮವೇ ಹೌದು. ಆದರೆ ಅಪವಾದವಾಗಿ ಬರುವ ವಚನವು ನಮಗೆ ಹೆಚ್ಚು ಮುಖ್ಯವಾದುದು. ಕುಟುಂಬಿಗಳಾದ ಗೃಹಸ್ಥರು ಮನೆಯ ಕೃತ್ಯಗಳಲ್ಲಿ ಶ್ವೇತಸುರೆಯನ್ನೂ, ಔಷಧಾರ್ಥವಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದೆಂದು ಅಲ್ಲಿ ಅನುಜ್ಞೆಯಿದೆ. ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಸುರೆಯ ವಿಷಯದಲ್ಲಿ ಅವಕಾಶವನ್ನು ಕೊಡಬೇಕೆಂದೂ ಹೇಳಿದೆ. ರಾಜಪಣ್ಯವಲ್ಲದ ಮದ್ಯವನ್ನು ಮಾರುವವನು ನೂರಕ್ಕೆ ಐದರಂತೆ ಶುಲ್ಕವನ್ನು ತೆರಬೇಕು. ಎಂದಮೇಲೆ ಮನೆಯಲ್ಲಿ ಮಾಡುವುದು ಬೇರೆ, ಮಾರುವುದು ಬೇರೆ ಎಂಬ ವಿವೇಕವು ಆ ಶಾಸ್ತ್ರಕಾರನಿಗೆ ಚೆನ್ನಾಗಿ ಇದ್ದಿತು. ಕಿಣ್ವಸುರೆಗಳ ಸಂಗ್ರಹಕಾರ್ಯವನ್ನು ಸ್ತ್ರೀಯರೂ ಬಾಲಕರೂ ಮಾಡತಕ್ಕದ್ದೆಂಬ ಮಾತೂ ಅಲ್ಲಿದೆ. ಇದು ಅಡಿಗೆಮನೆಯ ಸಮೀಪದ ವಿದ್ಯೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಲ್ಲಿ ಕೊಟ್ಟಿರುವ ಪ್ರಮಾಣಗಳನ್ನು ಲೆಕ್ಕಹಾಕಿ ನೋಡಿದವರು ಕಡಮೆ. ಮೇದಕವೆಂಬ ಪಾನಕ್ಕೆ ನೀರು ಒಂದು ದ್ರೋಣ, ಅಕ್ಕಿ ಅರ್ಧಾಢಕ, ಕಿಣ್ವ ಮೂರು ಪ್ರಸ್ಥ. ದ್ರೋಣಕ್ಕೆ 4 ಆಢಕ, ಆಢಕಕ್ಕೆ 4 ಪ್ರಸ್ಥವಾದುದರಿಂದ ನೀರು 16 ಪ್ರಸ್ಥ, ಅಕ್ಕಿ 2 ಪ್ರಸ್ಥ, ಕಿಣ್ವ 3 ಪ್ರಸ್ಥವೆಂದಾಯಿತು. ಅಕ್ಕಿಗಿಂತ ಕಿಣ್ವವೇ ಹೆಚ್ಚು! ಕಿಣ್ವವೆಂದರೆ ಈಗಿನ ಯೀಸ್ಟಿನಂತೆ ಚಿಟಿಕೆಯಷ್ಟು ಹಾಕುವ ಪುಡಿಯೆಂದು ಅರ್ಥಮಾಡುವವರಿಗೆ ಇದು ಅಸಂಗತವೆನಿಸುವುದು. ಆದರೆ ಕಿಣ್ವಬಂಧದ ಲಕ್ಷಣವನ್ನೇ ನೋಡಬೇಕು: ಹಸಿಯದಾಗಲಿ ಬೇಯಿಸಿದುದಾಗಲಿ ಉದ್ದಿನ ಕಲ್ಕವು ಒಂದು ದ್ರೋಣ, ಅದಕ್ಕೆ ಮೂರನೆಯ ಒಂದು ಪಾಲು ಹೆಚ್ಚಾಗಿ ಅಕ್ಕಿ, ಮೋರಟಾದಿ ಮೂಲಿಕೆಗಳು ಒಂದೊಂದು ಕರ್ಷ. ಇದು ತಾನೇ ಧಾನ್ಯರಾಶಿಯಾಗಿರುವುದರಿಂದ ಒಟ್ಟು ಧಾನ್ಯವು 5 ಪ್ರಸ್ಥ, ನೀರು 16 ಪ್ರಸ್ಥ. ಈಗ ಮನೆಯಲ್ಲಿ ಬಿಯರು ಮಾಡುವವನು 20 ಲೀಟರಿಗೆ 4ರಿಂದ 5 ಕಿಲೋ ಮಾಲ್ಟನ್ನು ಉಪಯೋಗಿಸುವನು. ಒಂದು ತೂಕದ ಲೆಕ್ಕ, ಒಂದು ಅಳತೆಯ ಲೆಕ್ಕ ಎಂಬ ಭೇದವನ್ನು ಬಿಟ್ಟರೆ ಎರಡೂ ಬಹು ದೂರವಿಲ್ಲ. ಮೇದಕವು ಬಟ್ಟಿ ಇಳಿಸಿದ ಮದ್ಯವಲ್ಲ, ಬಿಯರಿನಂಥ ತೆಳುಪಾನವೇ ಎಂಬ ನಮ್ಮ ಅಭಿಪ್ರಾಯಕ್ಕೆ ಈ ಲೆಕ್ಕವೇ ಆಧಾರ.

ಈಗಿನವರ ಕ್ರಮವನ್ನೂ ಹೋಲಿಕೆಗಾಗಿ ಹೇಳಬಹುದು. ನುರಿದ ಮಾಲ್ಟನ್ನು ಸುಮಾರು 65 ಡಿಗ್ರಿ ಸೆಲ್ಸಿಯಸಿನ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಯಿಟ್ಟರೆ ಹಿಟ್ಟು ಸಕ್ಕರೆಯಾಗುವುದು. ಆ ಸಿಹಿನೀರನ್ನು ಸೋಸಿ, ಹಾಪ್ ಎಂಬ ಬಳ್ಳಿಯ ಕಹಿ ಹೂವಿನೊಡನೆ ಕುದಿಸಿ, ಬೇಗನೆ ಆರಿಸಿ, ಯೀಸ್ಟನ್ನು ಹಾಕಿ, ಒಂದೆರಡು ವಾರ ಮುಚ್ಚಿಡುವರು. ಆರಿದಮೇಲೆ ಮುಟ್ಟುವ ಪಾತ್ರೆಯೆಲ್ಲವೂ ಶುದ್ಧವಾಗಿರಬೇಕೆಂಬುದೇ ಈ ವಿದ್ಯೆಯ ಮೊದಲ ಪಾಠ. ಹಾಪ್ ಹೂವು ನಮ್ಮವರಿಗೆ ತಿಳಿಯದು. ಬವೇರಿಯದಲ್ಲಿ 1516ರ ರಾಜಾಜ್ಞೆಯು ಯವೆ, ಹಾಪ್, ನೀರು ಇವಿಷ್ಟನ್ನೇ ಬಿಯರಿಗೆ ವಿಧಿಸಿದ್ದಿತು. ಕೌಟಿಲ್ಯನು ಪ್ರಸನ್ನೆಯೆಂಬ ಪಾನಕ್ಕೆ ಕ್ರಮುಕದ ತೊಗಟೆಯನ್ನೂ ಕಾಯನ್ನೂ ಹೇಳುವನು. ಸಾಮಾನ್ಯವಾದ ಬಿಯರಿನ ಯೀಸ್ಟಿಗೆ 20 ಡಿಗ್ರಿಯ ಆಸುಪಾಸಿನ ತಂಪು ಬೇಕು. ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ರಾಯಚೂರಿನಲ್ಲಿ ಅದು ಯಂತ್ರಸಾಹಾಯ್ಯವಿಲ್ಲದೆ ದುಸ್ಸಾಧ್ಯ.

ಅದು ಹಾಗಿರಲಿ. ಮೇಲೆ ಹೇಳಿದ ಸಮಾಜವೆಂಬ ಶಬ್ದವು ಅಶೋಕನ ಮೊದಲನೆಯ ಶಿಲಾಶಾಸನದಲ್ಲಿಯೂ ಬರುವುದು. ಅಲ್ಲಿ ರಾಜನು ಸಮಾಜಗಳಲ್ಲಿ ಬಹಳ ದೋಷವನ್ನು ಕಂಡು ಅವನ್ನು ನಿಷೇಧಿಸಿ, ಕೆಲವು ಮಾತ್ರ ಒಳ್ಳೆಯವೆನ್ನುವನು. ಈ ಶಾಸನದ ಪ್ರತಿಯು ತುಂಗಭದ್ರೆಯಿಂದ ದಕ್ಷಿಣಕ್ಕೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಒಂದು ಶಾಸ್ತ್ರವು ನಾಲ್ಕು ದಿನ ಸಡಿಲಿಸಿದ ಕಟ್ಟನ್ನು ಒಬ್ಬ ರಾಜನು ಬಿಗಿಮಾಡಿದನು. ಈ ಸಡಿಲು ಬಿಗಿಗಳ ಸರದಿಯು ಅಂದಿನಿಂದ ನಿಂತಿಲ್ಲ.

ಚಾಲುಕ್ಯರ ಕಾಲಕ್ಕೆ ಬಂದರೆ, ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಪೈಷ್ಟೀ, ಗೌಡೀ, ಮಾಧ್ವೀ ಎಂಬ ತ್ರಿವಿಧಸುರೆಗಳನ್ನು ವಿವೇಚಿಸಿ, ಸುರಾಶಬ್ದವು ಮುಖ್ಯವಾಗಿ ಪೈಷ್ಟಿಯನ್ನೇ ಹೇಳುವುದೆಂದೂ, ಅದು ತ್ರೈವರ್ಣಿಕರೆಲ್ಲರಿಗೂ ನಿಷಿದ್ಧವೆಂದೂ, ಉಳಿದೆರಡು ಬ್ರಾಹ್ಮಣನಿಗೆ ಮಾತ್ರವೆಂದೂ ವ್ಯವಸ್ಥೆಮಾಡಿರುವನು. ಪೈಷ್ಟಿಯೆಂದರೆ ಹಿಟ್ಟಿನಿಂದಾದ ಸುರೆ. ಹೀಗೆ ಧರ್ಮಶಾಸ್ತ್ರದ ಕಠೋರವಾದ ದೃಷ್ಟಿಯು ಬಿದ್ದುದು ಧಾನ್ಯಸುರೆಯ ಮೇಲೆಯೇ; ಹಣ್ಣಿನ ಮತ್ತು ಬೆಲ್ಲದ ಮದ್ಯಗಳು ಅಷ್ಟಿಷ್ಟು ತಪ್ಪಿಸಿಕೊಂಡುವು. ಆ ವಿಕ್ರಮನ ಮಗನಾದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮದಿರಾಪಾನಕ್ರೀಡೆಯನ್ನು ಅರಸನ ವಿನೋದವಾಗಿ ವರ್ಣಿಸಿರುವನು. ತಂದೆಯ ಆಸ್ಥಾನದಲ್ಲಿ ಪ್ರಾಯಶ್ಚಿತ್ತ, ಮಗನ ಗ್ರಂಥದಲ್ಲಿ ಕ್ರೀಡೆ! ಅದೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದನು. ಹೆಂಡವನ್ನು ಮಾರುವ ಕಾಯಕದವನು. ಆದರೆ ಇವನೂ ಮಾರುವವನೇ ಹೊರತು ಮನೆಗೆ ಮಾಡಿಕೊಳ್ಳುವವನಲ್ಲ.

ಚರಿತ್ರಕಾರರ ಕಣ್ಣು ಅರಸರ ಬಟ್ಟಲನ್ನು ಬಿಟ್ಟು ಕದಲುವುದಿಲ್ಲ. 1520ರಲ್ಲಿ ರಾಯಚೂರಿಗಾಗಿ ನಡೆದ ಯುದ್ಧದಲ್ಲಿ ಇಸ್ಮಾಯಿಲ್ ಆದಿಲ್‌ಶಾಹನು ಪಾನದ ಉತ್ಸಾಹದಲ್ಲಿ ಸಮಯವನ್ನು ನೋಡದೆ ಕೃಷ್ಣೆಯನ್ನು ದಾಟಿ ಕೃಷ್ಣದೇವರಾಯನಿಗೆ ಸೋತನೆಂದೂ, ರಾಯಚೂರು ಮುದಗಲ್ಲುಗಳು ಕೈಸೇರುವವರೆಗೆ ಮದ್ಯವನ್ನು ಮುಟ್ಟೆನೆಂದು ಪ್ರತಿಜ್ಞೆಮಾಡಿ, ರಾಯನು ತೀರಿದಮೇಲೆ ಅವನ್ನು ಗೆದ್ದು ಉತ್ಸವಪೂರ್ವಕವಾಗಿ ಕುಡಿದನೆಂದೂ ಫೆರಿಸ್ತನು ಬರೆದಿರುವನು. ಕಥೆ ಸ್ವಾರಸ್ಯವಾಗಿದೆ, ದೇವದುರ್ಗದ ಅಥವಾ ಮಾನ್ವಿಯ ಒಕ್ಕಲಿಗನ ಮಡಕೆಯಲ್ಲಿ ಆಗ ಏನಿದ್ದಿತೆಂಬುದನ್ನು ಮಾತ್ರ ಅವನು ಹೇಳಲಿಲ್ಲ. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು ಮುಂತಾದವರ ಪ್ರಭಾವವು ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆಯ ಅನೇಕ ಮನೆಗಳಲ್ಲಿ ಮದ್ಯವರ್ಜನವನ್ನು ದೃಢಪಡಿಸಿರಬೇಕು.

ಹಾಗಾದರೆ ಮನೆಯ ಧಾನ್ಯಸುರೆಯ ಲೋಪಕ್ಕೆ ಆಚಾರವೇ ಕಾರಣವೆ? ಪೂರ್ತಿಯಾಗಿ ಒಪ್ಪಲಾಗದು. ನಿಷೇಧವು ತ್ರೈವರ್ಣಿಕರದು, ಅದಕ್ಕೆ ಒಳಪಡದ ಬಹುಜನರು ಇದ್ದೇ ಇದ್ದರು. ಹಳ್ಳಕೊಳ್ಳಗಳ ದಂಡೆಯ ಈಚಲು ಒಂದು ಕಾರಣ. ಕೊಯ್ದರೆ ತಾನೇ ಇಳಿದು ತಾನೇ ಹುದುಗುವ ರಸವಿರುವಾಗ ಕಾಳನ್ನು ಮೊಳೆಯಿಸುವ ಶ್ರಮವು ಯಾರಿಗೆ ಬೇಕು? ಆದರೆ ಅದಕ್ಕಿಂತ ಪ್ರಬಲವಾದುದು ರಾಜಾದಾಯ. ಈಚಲು ಬಯಲಿನಲ್ಲಿ ನಿಂತಿರುವುದು. ಅದನ್ನು ಎಣಿಸಬಹುದು, ಗುತ್ತಿಗೆಗೆ ಕೊಡಬಹುದು. ಒಲೆಯ ಮೂಲೆಯ ಮಡಕೆಯನ್ನು ಎಣಿಸುವುದು ಹೇಗೆ? ಎಣಿಸಲಾಗದುದನ್ನು ನಿಷೇಧಿಸುವುದೇ ಸರಕಾರಗಳಿಗೆ ಸುಲಭವಾದ ದಾರಿ. 1853ರಲ್ಲಿ ಇಂಗ್ಲಿಷರ ವಶವಾಗಿ 1860ರಲ್ಲಿ ನಿಜಾಮನಿಗೆ ಹಿಂದಿರುಗಿದ ಈ ದೋಆಬಿನಲ್ಲಿ ಸೇಂಧಿಯೆಂಬ ಈಚಲ ಹೆಂಡವು ಆಬಕಾರಿಯ ದೊಡ್ಡ ಬಾಬಾಯಿತು. 1316ನೆಯ ಫಸಲಿಯ, ಎಂದರೆ ಸುಮಾರು 1906–07ರ, ಹೈದರಾಬಾದು ಆಬಕಾರಿ ಕಾನೂನು ಮದ್ಯದ ತಯಾರಿಕೆಯನ್ನು ಲೈಸೆನ್ಸಿಗೆ ಒಳಪಡಿಸಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ, ಈಗ ಕರ್ನಾಟಕ ಅಬಕಾರಿ ಅಧಿನಿಯಮವೆನ್ನಿಸಿಕೊಳ್ಳುವ 1965ರ ಶಾಸನವು ಅದರ ಸ್ಥಾನವನ್ನು ಪಡೆಯಿತು. ಲೈಸೆನ್ಸಿಲ್ಲದೆ ಮಾಡುವುದು ಮನೆಯ ಬಳಕೆಗಾದರೂ ಅಪರಾಧವೇ. ಕೌಟಿಲ್ಯನ ಕುಟುಂಬಿಗೆ ಇದ್ದ ಅಪವಾದವು ಇಲ್ಲಿ ಕಾಣದು.

ಇದರ ಫಲವನ್ನು ಗಮನಿಸಬೇಕು. ಮನೆಯಲ್ಲಿ ಮಾಡಲಾರದವನು ಮಾರುವವನ ಕೈಯನ್ನು ನೋಡುವನು. ಸಾರಾಯಿಯು 2007ರ ಜುಲೈ 1ರಿಂದ ಕರ್ನಾಟಕದಲ್ಲಿ ನಿಷಿದ್ಧವಾಯಿತು. ಹೆಂಡಕ್ಕೆ ಕ್ಲೋರಲ್ ಹೈಡ್ರೇಟೆಂಬ ವಿಷದ್ರವ್ಯವನ್ನು ಬೆರಸಿ ಮಾರುವ ಪ್ರಕರಣಗಳು ರಾಯಚೂರು ಸೀಮೆಯಿಂದ ಮೇಲಿಂದ ಮೇಲೆ ಕೇಳಿಬಂದಿವೆ. ತನ್ನ ಮಕ್ಕಳು ಕುಡಿಯುವ ಮಡಕೆಗೆ ಯಾವ ಗೃಹಿಣಿಯೂ ಅದನ್ನು ಹಾಕಲಾರಳು. ಕೌಟಿಲ್ಯನು ಕೆಟ್ಟ ಸುರೆಯನ್ನು ಕೂಲಿಯಾಳುಗಳಿಗೆ ವೇತನವಾಗಿ ಕೊಡಬಹುದೆಂದೂ ಹಂದಿಗಳಿಗೆ ಹಾಕಬಹುದೆಂದೂ ಹೇಳಿರುವುದು ಅವನ ಕೀರ್ತಿಗೆ ತಕ್ಕ ಮಾತಲ್ಲವೆಂದು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಅನ್ಯದೇಶಗಳಲ್ಲಿ ಈ ಅಧಿಕಾರವು ಹೋಗಿ ತಿರುಗಿ ಬಂದಿದೆ. ಇಂಗ್ಲೆಂಡಿನಲ್ಲಿ ಗ್ಲ್ಯಾಡ್‌ಸ್ಟನ್ನನ 1880ರ ಕಾನೂನು ಮನೆಯಲ್ಲಿ ಬಿಯರು ಮಾಡುವವನಿಗೂ ಲೈಸೆನ್ಸನ್ನು ವಿಧಿಸಿತು. 1963ರಲ್ಲಿ ಅದು ರದ್ದಾಯಿತು. ಅಮೆರಿಕದಲ್ಲಿ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರನು ಸಹಿಮಾಡಿದ ಶಾಸನದಂತೆ ವಯಸ್ಕನೊಬ್ಬನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಕರವಿಲ್ಲದೆ ಸಂದಿತು, ಮಾರಕೂಡದು. ಅದೇ ವರ್ಷ ಕೊಲರಾಡೊದ ಬೋಲ್ಡರ್ ಪಟ್ಟಣದಲ್ಲಿ ಚಾರ್ಲಿ ಪಪಾಜಿಯನ್ ಮತ್ತು ಚಾರ್ಲಿ ಮಾಟ್ಜೆನ್ ಎಂಬಿಬ್ಬರು ಗೃಹಾಭಿಷವಕಾರರ ಸಂಘವನ್ನು ಕಟ್ಟಿದರು. ಕಾನೂನು ಸಡಿಲವಾದೊಡನೆ ಗೋಷ್ಠಿ ಕೂಡಿತು. ಅಭಿಷವ ಪಾನಗೋಷ್ಠಿಕೆಗಳನ್ನು ಅಮರಸಿಂಹನು ಒಂದೆಡೆ ಇಟ್ಟುದು ಅಕಾರಣವಲ್ಲ. ಕೃತ್ಯಗಳೆಂಬ ಎಲ್ಲೆಯನ್ನು ಕೌಟಿಲ್ಯನೂ ಗ್ಯಾಲನ್ನೆಂಬ ಎಲ್ಲೆಯನ್ನು ಅಮೆರಿಕದವರೂ ಹಾಕಿದರು. ಮನೆಗೆ ಒಪ್ಪಿ ಅಂಗಡಿಗೆ ಕಟ್ಟುಹಾಕುವ ನ್ಯಾಯವು ಎರಡಕ್ಕೂ ಒಂದೇ.

ಎಡೆದೊರೆಯ ಮನೆಗಳಲ್ಲಿ ಈ ವಿದ್ಯೆಯ ಅವಶೇಷವೇನಾದರೂ ಉಂಟೆ ಎಂಬ ಪ್ರಶ್ನೆಯೊಂದು ಉಳಿಯಿತು. ಚರಕಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ 84 ಆಸವಗಳನ್ನು ಎಣಿಸುವಾಗ ಧಾನ್ಯಾಸವಗಳು ಆರೆಂದಿದೆ: ಸುರಾ, ಸೌವೀರ, ತುಷೋದಕ, ಮೈರೇಯ, ಮೇದಕ, ಧಾನ್ಯಾಮ್ಲ. ಕೊನೆಯದಾದ ಧಾನ್ಯಾಮ್ಲವು ಹುದುಗಿಸಿದ ಧಾನ್ಯದ ಹುಳಿನೀರು. ಅದರಲ್ಲಿ ಪ್ರಧಾನವಾದುದು ಮದವಲ್ಲ, ಹುಳಿ. ಜೋಳದ ಹಿಟ್ಟನ್ನು ರಾತ್ರಿ ನೀರಿನಲ್ಲಿ ಕಲಸಿಟ್ಟು, ಹುಳಿಬಂದಮೇಲೆ ಕಾಸಿ, ಮಜ್ಜಿಗೆಯೊಡನೆ ಕುಡಿಯುವ ಅಂಬಲಿಯು ಇದೇ ಜಾತಿಯದು. ಆರರಲ್ಲಿ ಐದನ್ನು ಕಾನೂನೂ ಆಚಾರವೂ ಈಚಲೂ ಸೇರಿ ಮನೆಯಿಂದ ಹೊರಡಿಸಿದುವು. ಆರನೆಯದಕ್ಕೆ ಯಾವ ಶುಲ್ಕವೂ ಇಲ್ಲದುದರಿಂದ ಅದು ದೇವದುರ್ಗ ಮಾನ್ವಿಗಳ ಹಳ್ಳಿಮನೆಗಳಲ್ಲಿ ಬೇಸಗೆ ಬಂದಾಗ ಈಗಲೂ ಮಡಕೆಯಲ್ಲಿರುತ್ತದೆ.