ಪೋಲ್ಕ ನಡೆದ ದಾರಿ

ಪೋಲ್ಕ ಎಂದರೆ ನಮ್ಮ ಅಜ್ಜಿ, ಅಮ್ಮಂದಿರಿಗೆ ರವಿಕೆ. ಅದು ಒಂದು ಕುಣಿತದ ಹೆಸರೂ ಹೌದು. ಇಂದಿನ ಜೆಕ್ ದೇಶದ ಬೊಹೀಮಿಯಾ ಸೀಮೆಯಲ್ಲಿ 1830ರ ದಶಕದಲ್ಲಿ ಹುಟ್ಟಿದ ಈ ಜೋಡಿ ಕುಣಿತ 1844ರ ಹೊತ್ತಿಗೆ ಪ್ಯಾರಿಸ್, ಲಂಡನ್‌ಗಳಿಗೆ ಹುಚ್ಚು ಹಿಡಿಸಿತ್ತು. ಹೆಂಗಸರ ಬಿಗಿ ಮೇಲಂಗಿಯೊಂದಕ್ಕೂ ಅದೇ ಹೆಸರು ಬಿತ್ತು. ನಮ್ಮ ಪೋಲ್ಕಕ್ಕೆ ಹೆಸರು ಬಂದದ್ದೂ ಅದೇ ದಾರಿಯಲ್ಲಿ ಇದ್ದೀತು.

ಐರ್ಲೆಂಡಿಗೆ ಹೋದ ಪೋಲ್ಕ ಮಾತ್ರ ಅಲ್ಲಿಯ ಮನೆಮಗಳೇ ಆಯಿತು. ಕಾರ್ಕ್ ಮತ್ತು ಕೆರಿ ಜಿಲ್ಲೆಗಳ ಗಡಿಯಲ್ಲಿ ಸ್ಲೀವ್ ಲೂಖ್ರ ಎಂಬ ಜೌಗು ಸೀಮೆಯಿದೆ. ನಾಲ್ಕು ಜೋಡಿಗಳು ಚೌಕವಾಗಿ ನಿಂತು ಕುಣಿಯುವ ‘ಸೆಟ್’ಗೆ ಅಲ್ಲಿಯವರಿಗೆ ಪೋಲ್ಕವೇ ಬೇಕು. ಐರಿಷ್ ಭಾಷೆಯನ್ನು ಉಳಿಸಲೆಂದು 1893ರಲ್ಲಿ ಹುಟ್ಟಿದ ಗೇಲಿಕ್ ಲೀಗಿನವರು ಈ ಸೆಟ್‌ಗಳನ್ನು ಪರದೇಶದವೆಂದು ದೂರವಿಟ್ಟರು. ಅಡುಗೆಮನೆಯ ನೆಲದ ಮೇಲೆ ಕುಣಿಯುತ್ತಿದ್ದ ರೈತಾಪಿ ಜನ ಅದಕ್ಕೆ ಕಿವಿಗೊಡಲಿಲ್ಲ.

ಆ ಸೀಮೆಯ ಪಾಡ್ರಿಗ್ ಓಕೀಫ್ (1887–1963) ಶಾಲಾ ಮೇಷ್ಟರು. 1920ರಲ್ಲಿ ಕೆಲಸ ಹೋದ ಮೇಲೆ ಮನೆಯಿಂದ ಮನೆಗೆ ಓಡಾಡಿ ಪಿಟೀಲು ಕಲಿಸಿದರು. ಸ್ವರಲಿಪಿ ಬಾರದ ಶಿಷ್ಯರಿಗೆ ಅವರದು ಸುಲಭದ ಉಪಾಯ: ಗೆರೆಗಳ ನಡುವಿನ ನಾಲ್ಕು ಜಾಗ ಎಂದರೆ ನಾಲ್ಕು ತಂತಿ, ಅಲ್ಲಿ ಬರೆದ ಅಂಕಿ ಎಂದರೆ ಬೆರಳು. ಹಾಳೆಯಲ್ಲಿ ಧಾಟಿಯ ಎಲುಬು ಸಿಕ್ಕುತ್ತಿತ್ತು; ಮೈ ತುಂಬಿಕೊಳ್ಳುವುದು ಕೇಳಿ ಕೇಳಿಯೇ.

ಪೋಲ್ಕ ಬಹಳ ಚಿಕ್ಕದು. ಎರಡು ಭಾಗ, ಒಂದೊಂದನ್ನೂ ಎರಡು ಸಲ ನುಡಿಸಿ ಮತ್ತೆ ಮೊದಲಿಗೆ ಬರಬೇಕು. ಸುತ್ತು ಸುತ್ತಿಗೂ ಒಂದು ಸ್ವರ ಬಿಟ್ಟು, ಇನ್ನೊಂದನ್ನು ಒಡೆದು, ನುಡಿಸುವವರು ತಮ್ಮ ಕೈಗುಣ ಸೇರಿಸುತ್ತಾರೆ. ಓಕೀಫರ ಶಿಷ್ಯರಾದ ಡೆನಿಸ್ ಮರ್ಫಿ ಮತ್ತು ಅವರ ತಂಗಿ ಜೂಲಿಯಾ ಕ್ಲಿಫರ್ಡ್ 1969ರಲ್ಲಿ ಕೂಡಿ ಒಂದು ಧ್ವನಿಮುದ್ರಿಕೆ ತಂದರು. ಒಂದೇ ಧಾಟಿಯನ್ನು ಒಬ್ಬರು ಮೇಲಿನ ಸ್ಥಾಯಿಯಲ್ಲಿ, ಇನ್ನೊಬ್ಬರು ಕೆಳಗಿನ ಸ್ಥಾಯಿಯಲ್ಲಿ ನುಡಿಸುವುದು ಆ ಸೀಮೆಯ ಪದ್ಧತಿ. ಎಷ್ಟೋ ಪೋಲ್ಕಗಳಿಗೆ ಸ್ವಂತ ಹೆಸರೇ ಇಲ್ಲ. ಯಾರಿಂದ ಬಂತೋ ಅವರದೇ ಹೆಸರು. ನಾವು ‘ಅತ್ತೆಯವರ ಸಾರಿನ ಪುಡಿ’ ಎನ್ನುವುದಿಲ್ಲವೇ, ಹಾಗೆ.

ಕಾರ್ಕ್ ಜಿಲ್ಲೆಯಲ್ಲೇ ಮ್ಯಾಲೋ ಎಂಬ ಊರಿದೆ. ‘ರೇಕ್ಸ್ ಆಫ್ ಮ್ಯಾಲೋ’ 18ನೆಯ ಶತಮಾನದಲ್ಲೇ ಅಚ್ಚಾದ ಧಾಟಿ. ಕುಣಿಯುವವರಿಗೆ ಅದು ಪೋಲ್ಕ, ಹೆಜ್ಜೆ ಹಾಕುವ ಸಿಪಾಯಿಗಳಿಗೆ ಮಾರ್ಚ್. ಬ್ರಿಟಿಷರ ಜತೆ ಇಂಥ ಧಾಟಿಗಳು ಮದರಾಸಿಗೂ ಬಂದವು. ಅವನ್ನು ಕೇಳಿದ ಮುತ್ತುಸ್ವಾಮಿ ದೀಕ್ಷಿತರು (1775–1835) ಸಂಸ್ಕೃತ ಸಾಹಿತ್ಯ ಕೂಡಿಸಿದರು; ಅವೇ ನೊಟ್ಟುಸ್ವರಗಳು. ‘ವಂದೇ ಮೀನಾಕ್ಷಿ’ ಕುಳಿತಿರುವುದು ಈ ಮ್ಯಾಲೋ ಧಾಟಿಯ ಮೇಲೆ. ಲಂಗ ತೊಟ್ಟು ಸಂಗೀತದ ಪಾಠಕ್ಕೆ ಹೋಗುತ್ತಿದ್ದಾಗ ನಾನೂ ಅದನ್ನು ಹಾಡಿದ್ದೇನೆ. ಅದರೊಳಗೆ ಐರ್ಲೆಂಡಿನ ಒಂದು ಊರಿದೆ ಎಂದು ಆಗ ಯಾರೂ ಹೇಳಿರಲಿಲ್ಲ.

ಇಷ್ಟು ತಿಳಿದ ಮೇಲೆ ನಮ್ಮ ಹಸೆಹಾಡುಗಳ ಬಗ್ಗೆ ನನ್ನ ಯೋಚನೆಯೇ ಬದಲಾಯಿತು. ಕ್ಯಾಸೆಟ್ಟುಗಳು ಬಂದಾಗಿನಿಂದ ಮದುವೆಮನೆಯಲ್ಲಿ ಹಿರಿಯರು ಹಾಡಲು ಹಿಂಜರಿಯತೊಡಗಿದರು. “ನಮ್ಮದು ತಪ್ಪೇನೋ, ಕ್ಯಾಸೆಟ್ಟಿನಲ್ಲಿ ಬೇರೆ ಥರ ಇದೆ” ಎನ್ನುವರು. ಅಚ್ಚಾದದ್ದು, ಮುದ್ರಣಗೊಂಡದ್ದು ಹಾಡನ್ನು ಕಾಪಾಡುತ್ತದೆ, ನಿಜ. ಆದರೆ ಅದೊಂದೇ ಸರಿ ಎಂದುಕೊಂಡರೆ ಒಂದೊಂದು ಮನೆಯ ತಿರುವೂ ಆ ಮನೆಯ ಹಿರಿಯಳ ಜತೆಗೇ ಹೋಗಿಬಿಡುತ್ತದೆ.

ನಮ್ಮ ತವರಿನ ಆರತಿ ಹಾಡಿನ ಮೂರನೆಯ ಸಾಲು ಮೇಲಕ್ಕೆ ಏರುತ್ತದೆ; ಸೊಸೆ ತನ್ನ ತವರಿನಿಂದ ತಂದದ್ದರಲ್ಲಿ ಅದೇ ಸಾಲು ಕೆಳಗಿಳಿಯುತ್ತದೆ. ಯಾವುದು ಸರಿ ಎಂದು ಅವಳು ಕೇಳಿದಳು. ಇಬ್ಬರೂ ಕುಳಿತು ಎರಡನ್ನೂ ನೋಟುಬುಕ್ಕಿನಲ್ಲಿ ಬರೆದೆವು. ಒಂದರ ಪಕ್ಕ ನಮ್ಮಜ್ಜಿಯ ಹೆಸರು, ಇನ್ನೊಂದರ ಪಕ್ಕ ಅವಳ ಅಜ್ಜಿಯ ಹೆಸರು.